ನಡುಗೋಡೆ ಬಿದ್ದ ಬೆಳಗು

ಗೋಡೆ ಬಿದ್ದರೆ ದೊಡ್ಡ ಸದ್ದಾಗುತ್ತದೆ ಎಂದು ನಾನು ತಿಳಿದಿದ್ದೆ. ಆಗಲಿಲ್ಲ. ಜೋಳದ ಚೀಲವನ್ನು ಯಾರೋ ಹೆಗಲಿನಿಂದ ಇಳಿಸಿದ ಹಾಗೆ ಒಂದು ದಪ್ಪ ಸಪ್ಪಳ, ಅದರ ಬೆನ್ನಿಗೇ ಮೇಲಿನ ತಗಡು ಜಾರಿದ ಕಿರುಗುಟ್ಟುವಿಕೆ, ಆಮೇಲೆ ಬರೀ ಧೂಳು. ಆ ಕ್ಷಣದಲ್ಲಿ ಅವ್ವ ಮಗ್ಗದ ಕುಣಿಯೊಳಗೆ ಇರಲಿಲ್ಲ. ಹೊಸ್ತಿಲ ಮೇಲೆ, ಪಕ್ಕದ ಮನೆಯ ಕಾಕಾನ ತೋಳುಗಳಲ್ಲಿ ಸಿಕ್ಕು, ಅವನ ಮುಂಗೈಯನ್ನು ಉಗುರಿನಿಂದ ಪರಚುತ್ತಿದ್ದಳು. ಇಷ್ಟು ನಾನು ಕಣ್ಣಾರೆ ಕಂಡದ್ದು. ಇದಕ್ಕೆ ಮುಂಚೆ ಏನೇನಾಯಿತು, ಯಾವುದರ ನಂತರ ಯಾವುದು ಎಂಬುದನ್ನು ಈಗಲೂ ತಲೆಯೊಳಗೆ ಜೋಡಿಸಿ ಬಿಚ್ಚಿ ಮಾಡುತ್ತಲೇ ಇದ್ದೇನೆ. ರೋಣದ ಕಾಲೇಜಿನಲ್ಲಿ ಪಾಠಕ್ಕೆ ನಿಂತರೆ ಮೊದಲು ಕರಿಹಲಗೆಯ ಕೆಳಗೆ ಗೋಡೆ ನೆಲಕ್ಕೆ ಸೇರುವ ಜಾಗವನ್ನು ನೋಡುತ್ತೇನೆ. ಮಕ್ಕಳು ನಾನು ಸೀಮೆಸುಣ್ಣ ಹುಡುಕುತ್ತಿದ್ದೇನೆಂದು ತಿಳಿದು ಮೇಜಿನ ಮೇಲಿಂದ ಎತ್ತಿ ಕೊಡುತ್ತಾರೆ.

ನಮ್ಮ ಮನೆ ಗಜೇಂದ್ರಗಡದಲ್ಲಿ, ಗುಡ್ಡದ ಕಡೆಗಿರುವ ಒಂದು ನೇಕಾರರ ಓಣಿಯಲ್ಲಿದೆ. ಅಲ್ಲಿಯ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತಿವೆ. ಎರಡು ಮನೆಗೆ ನಡುವೆ ಒಂದೇ ಗೋಡೆ. ಅಪ್ಪ ಇಲ್ಲ. ಅವ್ವ ನೇಯುತ್ತಾಳೆ, ನಾನು ದಿನಾ ಬಸ್ಸಿನಲ್ಲಿ ರೋಣಕ್ಕೆ ಹೋಗಿ ಕಲಿಸಿ ಬರುತ್ತೇನೆ. ಅವ್ವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ ಅದರ ಮೇಲೆ ಮಗ್ಗ ಕಟ್ಟಿರುತ್ತಾರೆ. ನೇಯುವವರು ಅಂಚಿನಲ್ಲಿ ಕುಳಿತು ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ನಮ್ಮ ಕುಣಿ ಇದ್ದದ್ದು ಆ ನಡುಗೋಡೆಗೆ ಹತ್ತಿಕೊಂಡೇ. ಬಿಸಿಲು ಬೀಳದ ಮೂಲೆ ಅದೊಂದೇ ಎಂದು ಅಜ್ಜ ಅಲ್ಲಿ ತೋಡಿಸಿದ್ದನಂತೆ. ನಮ್ಮ ಕಡೆಯ ಒಣಗಾಳಿಗೆ ಹತ್ತಿಯ ಎಳೆ ಪಟಪಟನೆ ಹರಿಯುತ್ತದೆ. ಅದಕ್ಕೆ ಕುಣಿಯೊಳಗೆ ನೀರು ಚಿಮುಕಿಸಿ ತೇವ ಇಟ್ಟುಕೊಳ್ಳುವುದು ಓಣಿಯ ಎಲ್ಲ ಮನೆಗಳ ರೂಢಿ. ಅವ್ವ ಚಿಮುಕಿಸುವವಳಲ್ಲ, ಸುರಿಯುವವಳು. ಬೇಸಿಗೆ ಬಂತೆಂದರೆ ಬೆಳಿಗ್ಗೆ ದೇವರ ಪೂಜೆಗಿಂತ ಮೊದಲು ಕುಣಿಗೆ ಒಂದು ಕೊಡ ನೀರು. ಅಷ್ಟು ನೀರು ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಗೋಡೆಯ ಆಚೆ ಕಾಕಾ. ರಕ್ತಸಂಬಂಧವಲ್ಲ, ಅಪ್ಪನ ಜೊತೆ ಬೆಳೆದವನು; ಅವ್ವ ಅವನಿಗೆ ವೈನಿ, ಅಂದರೆ ಅತ್ತಿಗೆ. ಅವನೂ ಒಂದು ಕಾಲಕ್ಕೆ ನೇಕಾರನೇ. ಮಗ್ಗ ಮಾರಿ, ಹೊರಗಿನಿಂದ ಯಂತ್ರದ ಸೀರೆ ತರಿಸಿ, ಮನೆಯಲ್ಲಿಯೇ ಗಂಟು ಗಂಟಾಗಿ ಇಟ್ಟುಕೊಂಡು ವ್ಯಾಪಾರ ಶುರು ಮಾಡಿದ. ಕೈಮಗ್ಗದ್ದೆಂದೇ ಹೇಳಿ ಮಾರುತ್ತಿದ್ದ. ಒಮ್ಮೆ ಮದುವೆಗೆ ಸೀರೆ ಕೊಂಡ ಕುಟುಂಬವೊಂದು ಅವನ ಮನೆಯಿಂದ ಹೊರಟು, ದಾರಿಯಲ್ಲಿ ಮಗ್ಗದ ಸಪ್ಪಳ ಕೇಳಿ, ನೇಯುವುದನ್ನು ನೋಡೋಣವೆಂದು ನಮ್ಮ ಮನೆಯೊಳಗೆ ಬಂತು. ಹೆಣ್ಣುಮಗಳೊಬ್ಬಳು ತಾನು ಕೊಂಡ ಸೀರೆಯನ್ನು ಹೆಮ್ಮೆಯಿಂದ ಬಿಚ್ಚಿ ತೋರಿಸಿದಳು. ಅವ್ವ ಅಂಚನ್ನು ಹಿಂದೆ ಮುಂದೆ ತಿರುವಿ ನೋಡಿ, "ಚಲೋ ಐತ್ರಿ. ಆದ್ರ ಇದು ಮಷಿನಿಂದು," ಅಂದುಬಿಟ್ಟಳು. ಅವರು ಹೋಗಿ ಎಲ್ಲವನ್ನೂ ವಾಪಸು ಕೊಟ್ಟರು. ಅಂದಿನಿಂದ ಕಾಕಾ ನಮ್ಮೊಡನೆ ಮಾತು ಬಿಟ್ಟ. ಅಪ್ಪ ತೀರಿಹೋದ ದಿನ ಮಾತ್ರ ಬಂದ, ಹೆಗಲು ಕೊಟ್ಟ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಮರುದಿನದಿಂದ ಮತ್ತೆ ಮೊದಲಿನ ಹಾಗೆಯೇ.

ಅದು ಶನಿವಾರ, ನನಗೆ ಪಾಠವಿರಲಿಲ್ಲ. ವಾರದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಬೆಳಿಗ್ಗೆ ಹಿತ್ತಲಿಗೆ ಹೋದಾಗ, ಮೊಣಕಾಲೆತ್ತರದ ಕಟ್ಟೆಯ ಆಚೆ ಕಾಕಾ ಕುಕ್ಕರಗಾಲಲ್ಲಿ ಕುಳಿತಿದ್ದ. ಕೈಯಲ್ಲಿ ಕಬ್ಬಿಣದ ಹಾರೆ. ನಡುಗೋಡೆಯ ಬುಡದಲ್ಲಿ ಮಣ್ಣು ಕೆದರಿ ಬುಟ್ಟಿಗೆ ತುಂಬುತ್ತಿದ್ದ. ನನ್ನನ್ನು ಕಂಡವನೇ ಪಕ್ಕದಲ್ಲಿದ್ದ ಗೋಣಿಚೀಲವನ್ನು ಎಳೆದು ಆ ತಗ್ಗಿನ ಮೇಲೆ ಹಾಕಿದ.

"ಏನ್ ನೋಡ್ತೀ ತಂಗಿ?" ಅಂದ. ಎಷ್ಟೋ ವರ್ಷಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

"ಏನಿಲ್ರಿ."

"ಹೆಗ್ಗಣ ಬಿಲಾ ತೋಡ್ಯಾವು. ಮುಚ್ಚಾಕತ್ತೀನಿ."

ಮುಚ್ಚುವವನು ಮಣ್ಣು ಹೊರಗೆ ಯಾಕೆ ತೆಗೆಯುತ್ತಾನೆ ಎಂದು ನನಗೆ ಆಗಲೇ ಅನ್ನಿಸಿತು. ಒಳಗೆ ಬಂದು ಅವ್ವನಿಗೆ ಹೇಳಿದೆ. ಅವಳು ಆಗಷ್ಟೇ ಕುಣಿಗೆ ಇಳಿದಿದ್ದಳು.

"ಅವ್ವಾ, ಕಾಕಾ ಗೋಡಿ ಬುಡಕ ಅಗ್ಯಾಕತ್ತಾನ."

"ಅಗೀಲಿ ಬಿಡು. ಬಂಗಾರ ಸಿಕ್ಕರ ಅರ್ಧಾ ನಮ್ಮದು."

ಅವ್ವ ನಕ್ಕಳು, ಲಾಳಿ ಹೊಡೆದಳು. ನಾನು ಉಪ್ಪಿಟ್ಟು ಮಾಡಿಕೊಂಡು ತಿಂದೆ, ಬುಟ್ಟಿಯಲ್ಲಿದ್ದ ಪಾತ್ರೆ ತೊಳೆದೆ, ಉತ್ತರಪತ್ರಿಕೆಗಳನ್ನು ಹರವಿಕೊಂಡು ನಡುಮನೆಯಲ್ಲಿ ಕುಳಿತೆ. ಒಂದಷ್ಟು ತಿದ್ದಿಯೂ ಆಗಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹಿತ್ತಲಿನಲ್ಲಿ ಅವನನ್ನು ಕಂಡದ್ದಕ್ಕೂ ಅವನು ಕೂಗುತ್ತ ಬಂದದ್ದಕ್ಕೂ ನಡುವೆ ಇಷ್ಟು ಹೊತ್ತು ಹೋಗಿತ್ತು.

ಮುಂಬಾಗಿಲು ಧಡ್ ಎಂದು ಗೋಡೆಗೆ ಬಡಿಯಿತು.

"ವೈನಿ! ಏಳ್ರಿ! ಹೊರಗ ಬರ್ರಿ ಲಗೂ!"

ಅವ್ವ ಏಳಲಿಲ್ಲ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ. "ಯಾರ ಮನಿ ಅಂತ ತಿಳಿದ ಒಳಗ ಬಂದೀಯೋ? ಬೇ, ಅವನ್ನ ಹೊರಗ ಹಾಕಿ ಬಾಗ್ಲಾ ಹಾಕು," ಅಂದಳು ನನಗೆ. ಕೈ ಮಾತ್ರ ಮಗ್ಗ ಬಿಡಲಿಲ್ಲ. ಕುಣಿಯೊಳಗಿನಿಂದ ಏಳುವುದು ಕುರ್ಚಿಯಿಂದ ಎದ್ದ ಹಾಗಲ್ಲ. ಮುಂದೆ ನೇಯ್ದ ಬಟ್ಟೆ ಸುತ್ತಿದ ದುಂಡು, ಹಿಂದೆ ಹಲಗೆ. ಕಾಲನ್ನು ಒಂದೊಂದಾಗಿ ಮೇಲೆತ್ತಿ ಪಕ್ಕಕ್ಕೆ ಜಾರಬೇಕು. ನಾನು ಎದ್ದು ನಿಂತಿದ್ದೆ ಅಷ್ಟೇ. ಅವನು ನನ್ನನ್ನು ಭುಜದಿಂದ ನೂಕಿ ಒಳಗೆ ಹೋದ, ಅವ್ವನ ಎರಡೂ ಕಂಕುಳಲ್ಲಿ ಕೈ ಹಾಕಿದ, ಬಾವಿಯಿಂದ ಕೊಡ ಎಳೆದ ಹಾಗೆ ಎಳೆದ. ಸೀರೆ ಕೆಳಗಿನ ಹಲಗೆಗೆ ಸಿಕ್ಕು ಹರಿದ ಸದ್ದು ಕೇಳಿತು. ಅವ್ವ ಬೈಯುತ್ತಿದ್ದಳು. ನಾನು ಏನೋ ಕಿರುಚುತ್ತಿದ್ದೆ; ಏನೆಂದು ನೆನಪಿಲ್ಲ. ಆಮೇಲೆ ಆ ದಪ್ಪ ಸಪ್ಪಳ.

ಧೂಳು ಇಳಿದಾಗ ಕುಣಿ ಇರಲಿಲ್ಲ. ಅಲ್ಲಿ ಮಣ್ಣು, ಕಲ್ಲು, ಮುರಿದ ಮಗ್ಗದ ಒಂದು ಕಂಬ. ಅದರ ಆಚೆ, ಹುಟ್ಟಿದಾಗಿನಿಂದ ಗೋಡೆಯನ್ನೇ ಕಂಡಿದ್ದ ಕಡೆ, ಕಾಕಾನ ಮನೆಯ ಒಳಕೋಣೆ, ಗೂಟಕ್ಕೆ ತೂಗುಬಿಟ್ಟ ಅವನ ಅಂಗಿ.

ಓಣಿಯವರೆಲ್ಲ ಓಡಿ ಬಂದರು. ಅವ್ವನನ್ನು ಹೊರಗೆ ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟರು. ಕಾಕಾ ಪಕ್ಕದಲ್ಲಿ ತನ್ನ ಕಟ್ಟೆಯ ಅಂಚಿನಲ್ಲಿ ಕುಳಿತಿದ್ದ, ಪರಚಿದ ಗೀರುಗಳಲ್ಲಿ ರಕ್ತ ಸಣ್ಣಗೆ ಒಸರುತ್ತಿತ್ತು. ಎದುರು ಮನೆಯಾಕೆ ಮೊಬೈಲು ಹಿಡಿದು ವಿಡಿಯೋ ತೆಗೆಯುತ್ತಲೇ ಅವನನ್ನು ಕಿಚಾಯಿಸಿದಳು.

"ಏನಪಾ ದೊರಿ, ಇಷ್ಟ ವರ್ಷ ಮಾತಾಡಿಸಲಾರದಾಕಿನ್ನ ಒಮ್ಮೆಲೇ ಎತ್ತಿಕೊಂಡ ಬಂದೀಯಲ್ಲ!"

ಜನ ನಕ್ಕರು. ಹೆದರಿಕೆ ಇಳಿದಾಗ ಬರುವ ನಗು ಅದು. ಅವನೂ ನಕ್ಕ. "ಪರಚೂದ್ರಾಗ ಬೆಕ್ಕ ಆಗ್ಯಾಳ ನೋಡ ನಿಮ್ಮ ಗೆಳತಿ," ಅಂದ. ಅವ್ವ ಮಾತ್ರ ನಗಲಿಲ್ಲ. ಅವನ ಕಡೆಗೇ, ಅವನ ಬೆನ್ನ ಹಿಂದಿನ ಅವನ ಮನೆಯ ಕಟ್ಟೆಯ ಕಡೆಗೇ ನೋಡುತ್ತ ಕುಳಿತಿದ್ದಳು. ಆಘಾತಕ್ಕೆ ಹೀಗಾಗಿದೆ ಎಂದು ನಾನು ಅವಳ ಬೆನ್ನು ಸವರಿದೆ.

ಸಂಜೆಯೊಳಗೆ ಆ ವಿಡಿಯೋ ಊರೆಲ್ಲ ತಿರುಗಿತು. ಕಾಕಾನಿಗೆ ಬಸ್ ನಿಲ್ದಾಣದ ಚಹಾದಂಗಡಿಯವನು ಚಹಾ ಕುಡಿಸಿ ಕೈ ಮುಗಿದನಂತೆ. ನನ್ನ ಜೊತೆ ಕಲಿಸುವವರು ಫೋನು ಮಾಡಿ, ಇಂಥ ನೆರೆಯವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದರು. ನಾನು ಹೌದು ಅನ್ನುತ್ತಿದ್ದೆ. ಹೌದು ಅನ್ನುವಾಗಲೆಲ್ಲ ಆ ಗೋಣಿಚೀಲ ಕಣ್ಣೆದುರು ಬರುತ್ತಿತ್ತು. ಗೋಡೆ ಬೀಳುತ್ತದೆಂದು ಅವನಿಗೆ ಹೇಗೆ ಗೊತ್ತಾಯಿತು?

ಮರುದಿನ ನರಗುಂದದಿಂದ ಮಾಮಾ ಬಂದ. ಅವ್ವನ ತಮ್ಮ, ಅಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಮಾತಿಗಿಂತ ದನಿ ದೊಡ್ಡದು. ಬಿದ್ದದ್ದನ್ನು ನೋಡಿದವನೇ, "ಅಲ್ಲಾ, ಗೋಡಿ ನಮ್ಮ ಕಡೇನ ಯಾಕ ಬಿತ್ತು?" ಅಂದ. ನಾನು ಹಿತ್ತಲಿನಲ್ಲಿ ಕಂಡದ್ದನ್ನು ಹೇಳಿದೆ. ಹೇಳಿ ಮುಗಿಸುವುದರೊಳಗೆ ಅವನು ಚಪ್ಪಲಿ ಮೆಟ್ಟಿದ್ದ.

"ನಡಿ ಠಾಣೆಗೆ. ನೀನ ಸಾಕ್ಷಿ. ಕಲತಾಕಿ ನೀನು, ನೀ ಹೇಳಿದ್ರ ನಂಬ್ತಾರ."

"ಎಳದು ಹೊರಗ ಹಾಕಿದಾವನೂ ಅವನ," ಅಂದಳು ಅವ್ವ.

"ಕೆಡವಿದಾವಗ ಯಾವಾಗ ಬೀಳ್ತೈತಿ ಅನ್ನೂದು ಗೊತ್ತಿರ್ತೈತಿ ಅಕ್ಕಾ! ಅದಕ್ಕ ಬಂದಾನ. ನೀ ಸತ್ತಿದ್ರ ಅವಗ ಜೈಲು. ಎಳದ್ರ ಶಾಲು ಹಾರ."

ಅವ್ವ ಬಾಯಿಯ ಮೇಲೆ ಬೆರಳಿಟ್ಟು ಆ ಕಡೆ ತೋರಿಸಿದಳು. ಗೋಡೆ ಇದ್ದ ಜಾಗದಲ್ಲಿ ಈಗ ಒಂದು ನೀಲಿ ಪ್ಲಾಸ್ಟಿಕ್ ತಾಡಪಲ್ಲು ಕಟ್ಟಿತ್ತು, ಅಷ್ಟೇ. ನಾವು ಕೆಮ್ಮಿದರೆ ಅವನಿಗೆ, ಅವನು ಆಕಳಿಸಿದರೆ ನಮಗೆ ಕೇಳುತ್ತಿತ್ತು. ಮಾಮಾ ಮಾತಾಡುವಾಗ ಆಚೆ ಟಿ.ವಿ. ಹಚ್ಚಿತ್ತು. ಅದರ ದನಿ ಯಾವಾಗ ಸಣ್ಣದಾಯಿತೋ ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ.

ಸೋಮವಾರ ಕಂದಾಯದವರು ಪಂಚನಾಮೆಗೆ ಬರುತ್ತಾರೆಂದೂ, ಅವರ ಮುಂದೆಯೇ ನಾನು ಹೇಳಬೇಕೆಂದೂ, ಅದನ್ನು ಹಿಡಿದು ದೂರು ಕೊಡುವುದೆಂದೂ ಮಾಮಾ ಗಟ್ಟಿ ಮಾಡಿ ಹೋದ. ಇನ್ನು ನನ್ನ ಬಾಯಿಂದ ಬರುವ ಮಾತಿನ ಮೇಲೆ ಒಬ್ಬ ಮನುಷ್ಯ ಠಾಣೆ ಹತ್ತುವುದು, ಬಿಡುವುದು ನಿಂತಿತ್ತು. ಅದೂ ನನ್ನ ಅವ್ವನನ್ನು ಎಳೆದು ಉಳಿಸಿದ ಮನುಷ್ಯ.

ಆ ಮಧ್ಯಾಹ್ನ ನಾನು ಬಿದ್ದ ಮಣ್ಣಿನ ಅಂಚಿನಲ್ಲಿ ಕುಳಿತು ಕೈಲಾದಷ್ಟು ತೆಗೆದೆ. ಸಾಕ್ಷಿ ಹೇಳುವವಳು ಸರಿಯಾಗಿ ನೋಡಿರಬೇಕಲ್ಲ. ಬುಡದ ಕಲ್ಲುಗಳು ಕಾಣತೊಡಗಿದವು. ಅವನ ಕಡೆ ಒಂದು ತಗ್ಗು, ನಾನು ಕಂಡದ್ದೇ. ಒಂದು ಬುಟ್ಟಿ, ಹೆಚ್ಚೆಂದರೆ ಎರಡು ಬುಟ್ಟಿ ಮಣ್ಣು ಹೋಗಿತ್ತು. ನಮ್ಮ ಕಡೆ, ಕುಣಿಗೆ ಹತ್ತಿದ ಮಗ್ಗುಲಲ್ಲಿ, ಕಲ್ಲುಗಳ ನಡುವಿನ ಮಣ್ಣು ಇರಲೇ ಇಲ್ಲ. ಕೈ ಹಾಕಿದರೆ ಮೊಣಕೈವರೆಗೆ ಹೋಯಿತು. ಹೊರಗೆ ತೆಗೆದ ಬೆರಳಿಗೆ ಹತ್ತಿದ್ದು ಕಪ್ಪು, ಹಳೆಯ ಕೆಸರಿನ ವಾಸನೆಯ ರಾಡಿ. ಒಂದು ವಾರದ ಮಳೆಯಿಂದ ಆಗುವಂಥದಲ್ಲ ಅದು. ಅವ್ವನ ಅಷ್ಟೂ ಬೇಸಿಗೆಗಳ ಕೊಡಗಳು ಅಲ್ಲಿ ಇಂಗಿದ್ದವು.

ಕೈ ತೊಳೆದುಕೊಂಡು ಬಂದು ನಾನು ಆ ವಿಡಿಯೋವನ್ನು ಮತ್ತೆ ನೋಡಿದೆ. ಅವನ ಪರವಾಗಿ ಏನಾದರೂ ಸಿಕ್ಕೀತೆಂದು ನೋಡಿದೆನೋ, ವಿರುದ್ಧವಾಗಿ ಸಿಕ್ಕೀತೆಂದೋ, ನನಗೇ ತಿಳಿಯದು. ಕೈಯ ಮೇಲಿನ ಗೀರುಗಳಿದ್ದವು, ನಗುವ ಜನ ಇದ್ದರು. ಅವನ ಬೆನ್ನ ಹಿಂದೆ, ಅವನ ಕಟ್ಟೆಯ ಮೇಲೆ, ಎರಡು ಮಂಚ. ಮಂಚದ ಮೇಲೆ ಸೀರೆಯ ಗಂಟುಗಳು, ಒಂದರ ಮೇಲೊಂದು, ತಲೆಯೆತ್ತರಕ್ಕೆ. ಗಂಟುಗಳ ಮೇಲೆ ತಾಡಪಲ್ಲು, ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಮಂಚದ ಕಾಲಿಗೆ ಕಟ್ಟಿತ್ತು.

ಆ ಗಂಟುಗಳು ಯಾವಾಗಲೂ ಇರುತ್ತಿದ್ದದ್ದು ನಡುಗೋಡೆಯ ಆಚೆ ಬದಿಯ ಆ ಒಳಕೋಣೆಯಲ್ಲಿ. ಗೋಡೆ ಬಿದ್ದ ಮೇಲೆ ಅವನು ಒಳಗೆ ಹೋಗಿರಲೇ ಇಲ್ಲ. ಎಲ್ಲರ ಕಣ್ಣೆದುರು ಕಟ್ಟೆಯ ಮೇಲೆ ಕುಳಿತಿದ್ದ. ಅಂದರೆ ಅವು ಮೊದಲೇ ಹೊರಗೆ ಬಂದಿದ್ದವು. ಒಬ್ಬನೇ ಮನುಷ್ಯ ಅಷ್ಟು ಗಂಟು ಹೊತ್ತು, ಮಂಚ ಹೊರಗೆ ಹಾಕಿ, ಹಗ್ಗ ಬಿಗಿಯಬೇಕಾದರೆ ನನ್ನ ಉಪ್ಪಿಟ್ಟು, ನನ್ನ ಪಾತ್ರೆ, ನಾನು ತಿದ್ದಿದ ಪತ್ರಿಕೆಗಳು, ಅಷ್ಟೂ ಹೊತ್ತು ಬೇಕಾಗಿರುತ್ತದೆ.

ತಾಡಪಲ್ಲಿನ ಆಚೆಯಿಂದ ದನಿ ಬಂತು. "ತಂಗಿ, ಅದನ್ನ ಎಷ್ಟ ಸಲ ಹಚ್ಚಿ ನೋಡ್ತೀ?"

ನಾನು ತಾಡಪಲ್ಲಿನ ಅಂಚು ಸರಿಸಿದೆ. ಅವನು ನೆಲದ ಮೇಲೆ ಕುಳಿತು ಗಂಟುಗಳನ್ನು ಬಿಚ್ಚಿ, ತೇವಕ್ಕೆ ಬೂಸು ಹಿಡಿದ ಸೀರೆಗಳನ್ನು ಬೇರೆ ಮಾಡುತ್ತಿದ್ದ. ಇಬ್ಬರ ನಡುವೆ ಮೊಣಕಾಲೆತ್ತರದ ಮಣ್ಣಿನ ದಿಬ್ಬ ಇತ್ತು.

"ನಿಮ್ಮ ಮಾಮಾಂದು ಎಲ್ಲಾ ಕೇಳೀನಿ," ಅಂದ. "ಹೋಗ್ರಿ ಠಾಣೆಗೆ. ಬ್ಯಾಡ ಅನ್ನಂಗಿಲ್ಲ."

"ಹೆಗ್ಗಣದ ಬಿಲ ಅಂದಿದ್ರಿ ಕಾಕಾ."

"ಅಂದೆ. ನಿಮ್ಮ ಕುಣಿ ನೀರು ನನ್ನ ಸೀರಿಗೆ ಬೂಸು ಹತ್ತಸಾಕತ್ತೈತಿ, ಎಲ್ಲಿಂದ ಬರ್ತೈತಿ ಅಂತ ಅಗದು ನೋಡಾಕತ್ತೀನಿ ಅಂದಿದ್ರ ನಿಮ್ಮವ್ವ ಸುಮ್ಕ ಇರ್ತಿದ್ಲೇನು? ಮಷಿನ್ ಸೀರಿಗೆ ಬೂಸು ಹತ್ತಿದ್ರ ಹತ್ತಲಿ ಅಂತಿದ್ಲು."

ಅವ್ವ ಹಾಗೆಯೇ ಅನ್ನುತ್ತಿದ್ದಳು. ಅದರಲ್ಲಿ ನನಗೆ ಸಂಶಯವಿರಲಿಲ್ಲ.

"ಬೀಳ್ತೈತಿ ಅಂತ ಯಾವಾಗ ಗೊತ್ತಾತ್ರಿ?"

"ಹಾರಿ ಹಾಕಿದ್ನೆಲ್ಲಾ, ಒಳಗಿನ ಕಲ್ಲ ಅಲ್ಲಾಡ್ತು. ಆವಾಗ ಗೊತ್ತಾತು."

"ಆವಾಗನ ಬಂದ್ರೇನು?"

"ಬಂದ್ನೆಲ್ಲಾ."

"ಮದಲ ಗಂಟು ಹೊರಗ ಇಟ್ರಿ."

ಅವನ ಕೈ ನಿಂತಿತು. ಸೀರೆಯ ಮಡಿಕೆ ಸರಿಮಾಡಿ ಪಕ್ಕಕ್ಕಿಟ್ಟ. ಆಮೇಲೆ ಕೇಳಿದ: "ವಿಡಿಯೋದಾಗ ಕಾಣ್ತಾವೇನು?"

ಯಾವ ಗಂಟು ಎಂದು ಕೇಳಲಿಲ್ಲ. ಇಲ್ಲ ಎನ್ನಲಿಲ್ಲ. ಕಾಣುತ್ತವೆಯೇ ಎಂದು ಕೇಳಿದ. ಅವನ ಮೇಲೆ ನನಗಿದ್ದ ಎಲ್ಲ ಸಂಶಯಗಳಿಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಹೆದರಿಸಿತು.

"ಹಗ್ಗ ಸೈತ ಕಾಣ್ತಾವ," ಅಂದೆ.

"ಮಳಿ ಇತ್ತಲ್ಲ. ತೊಯ್ಯಬಾರದು ಅಂತ ಕಟ್ಟಿದೆ." ಕಾರಣ ಕೊಟ್ಟ ಮೇಲೆ ಅದು ಅವನಿಗೇ ಹೇಗೋ ಕೇಳಿಸಿರಬೇಕು. ದನಿ ಇಳಿಯಿತು. "ಸಂಜಿತನಾ ನಿಲ್ತೈತಿ ಅಂದ್ಕೊಂಡಿದ್ದೆ ತಂಗಿ. ಕಲ್ಲಿನ ಗೋಡಿ, ನಮ್ಮ ಮುತ್ತ್ಯಾನ ಕಾಲದ್ದು, ಎಲ್ಲಿ ಹೊಕ್ಕೈತಿ ಅಂತ. ಗಂಟು ಇಟ್ಟು, ಆಮ್ಯಾಲ ಸಾವಕಾಶ ಯಾರರ ಕೈಯಾಗ ನಿಮಗ ಹೇಳಿ ಕಳಸೂಣು ಅಂತ. ನಾ ಬಂದ್ರ ನಿಮ್ಮವ್ವ ಬಾಗ್ಲಾ ಹಾಕ್ತಾಳ. ಹಾಕ್ಲಿಲ್ಲೇನು? ಹಾಕು ಅಂದ್ಲೋ ಇಲ್ಲೋ?"

"ಅಂದ್ಲು."

"ಹಗ್ಗಾ ಬಿಗಿದು ಒಳಗ ಬಂದೆ. ಗೋಡಿ ಮ್ಯಾಲಿಂದ ಮಣ್ಣ ಉದುರಿತು. ಅಷ್ಟರಾಗ ಆಚೇಕ ಮಗ್ಗಾ ಬಡದ ಸಪ್ಪಳ ಕೇಳ್ತು. ಮತ್ತೊಂದು ಬಡದ್ಲು. ಓಡಿದೆ."

"ಅಲ್ಲೀತನಾ ಮಗ್ಗದ ಸಪ್ಪಳ ಕೇಳಿದ್ದಿಲ್ಲೇನ್ರಿ?"

ಅವನು ಸುಳ್ಳು ಹೇಳಬಹುದಿತ್ತು. ಕೇಳಲಿಲ್ಲ ಅಂದಿದ್ದರೆ ಅದನ್ನು ಸುಳ್ಳೆನ್ನಲು ನನ್ನ ಹತ್ತಿರ ಏನೂ ಇರಲಿಲ್ಲ.

"ಕೇಳ್ತಿತ್ತು," ಅಂದ. "ದಿನಾ ಕೇಳ್ತೈತಲ್ಲ."

ನಾನು ತಾಡಪಲ್ಲು ಬಿಟ್ಟು ಒಳಗೆ ಬಂದೆ. ಅವನು ಹೇಳಿದ್ದು ಖರೇ ಎಂದೇ ಅನ್ನಿಸಿತು. ಖರೇ ಎಂದು ಅನ್ನಿಸುವಂತೆ ಹೇಳಿದನೇ ಎಂದೂ ಅನ್ನಿಸಿತು. ಗೋಡೆ ಕೆಡವಲು ಅಗೆದವನಲ್ಲ ಅವನು; ಇದನ್ನು ನಾನು ನಂಬಿದ್ದೆ. ಆದರೆ ಗೋಡೆ ಅಲುಗುತ್ತದೆ ಎಂದು ತಿಳಿದವನು, ಆಚೆ ಒಬ್ಬ ಹೆಂಗಸು ಅದರ ಬುಡದಲ್ಲಿ ಕುಳಿತಿದ್ದಾಳೆಂದು ಕಿವಿಯಾರೆ ಕೇಳುತ್ತಿದ್ದವನು, ಒಂದು ಗಂಟು ಹೊತ್ತು ಹೊರಗಿಟ್ಟು ಇನ್ನೊಂದಕ್ಕೆ ತಿರುಗಿ ಬಂದಿದ್ದ. ಪ್ರತಿ ಸಲ ತಿರುಗಿ ಬಂದಾಗಲೂ ಏನು ಯೋಚಿಸಿದ್ದ? ಅದೇ ಮನುಷ್ಯ ಕೊನೆಗೆ ಬೀಳುವ ಗೋಡೆಯ ಕೆಳಗೆ ತಾನೇ ಹೊಕ್ಕ. ಇನ್ನು ಒಂದು ಉಸಿರು ತಡವಾಗಿದ್ದರೆ ಇಬ್ಬರೂ ಒಳಗೇ ಇರುತ್ತಿದ್ದರು. ಹೆದರಿಕೆಯಲ್ಲಿ ಸೀರೆ ನೆನಪಾದವನಿಗೆ ಆಗ ತನ್ನ ಜೀವ ನೆನಪಾಗಲಿಲ್ಲ.

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಶನಿವಾರದಿಂದ ಅವನ ಪಾಲಿಗೂ ಎರಡು ಬಡಿಯುತ್ತಿದ್ದಳು. ಅವನ ಹೆಂಡತಿ ತವರಿಗೆ ರಾಜೂರಿಗೆ ಹೋಗಿದ್ದಳು. ನಾನು ದನಿ ತಗ್ಗಿಸಿ ಗಂಟುಗಳ ಸಂಗತಿ ಹೇಳಿದೆ. ಅವ್ವ ಹಿಟ್ಟಿನಿಂದ ಕೈ ತೆಗೆಯಲಿಲ್ಲ.

"ನಾನೂ ನೋಡೀನಿ ಬೇ. ಹೊರಗ ಕುಂದ್ರಿಸಿದಾಗ ಆ ಗಂಟ ನೋಡಕೋತ ಕುಂತಿದ್ದೆ."

"ಮತ್ತ ರೊಟ್ಟಿ ಯಾಕ ಕಳಸ್ತೀ?"

"ಎಳದ್ನಲ್ಲಾ."

"ಮದಲ ಗಂಟ ಎಳದ."

"ಹೌದು. ಆಮ್ಯಾಲ ನನ್ನ." ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆ ಸವರಿದಳು. "ಕೊಟ್ಟ ಬಾ, ಆರಿದ್ರ ಬಿರಸ ಆಕ್ಕಾವು."

ನಾನು ಕೊಟ್ಟು ಬಂದೆ. ಕೊಡುವಾಗ ನೋಡಿದೆ, ಅವನ ಕೈ ಮೇಲೆ ಅವ್ವ ಪರಚಿದ ಗೀರುಗಳು ಒಣಗಿ ಕಪ್ಪಾಗಿದ್ದವು. ಅವನು ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಕಂದಾಯದವರು ಬಂದರು. ಓಣಿಯವರು ನಾಲ್ಕಾರು ಮಂದಿ, ಮಾಮಾ, ಅವ್ವ, ತಾಡಪಲ್ಲಿನ ಪಕ್ಕದಲ್ಲಿ ಕಾಕಾ. ಮಾಮಾ ಆಗಲೇ ಅವರ ಕಿವಿಗೆ ಹಾಕಿದ್ದ.

"ಬಾಜೂದವ್ರು ಅಗದಿದ್ರಂತ. ಯಾರ ನೋಡೀರಿ?" ಎಂದು ಅವರಲ್ಲಿ ಹಿರಿಯರು ಕೇಳಿದರು.

"ನಾನ್ರಿ," ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಕಾಕಾ ನೆಲ ನೋಡುತ್ತಿದ್ದ. ನಾನು ಕಂಡದ್ದನ್ನು ಹೇಳಿದೆ. ಅವನು ಬುಡದಲ್ಲಿ ಅಗೆಯುತ್ತಿದ್ದದ್ದನ್ನು ಹೇಳಿದೆ. ಮಾಮಾ ತಲೆ ಆಡಿಸಿದ. ಆಮೇಲೆ ಅವರನ್ನು ಬಗ್ಗಿಸಿ ನಮ್ಮ ಕಡೆಯ ಕಲ್ಲುಗಳ ಸಂದು ತೋರಿಸಿದೆ, ಕುಣಿಗೆ ನಾವು ವರ್ಷಗಟ್ಟಲೆ ನೀರು ಹಾಕಿದ್ದನ್ನು ಹೇಳಿದೆ. ಮಾಮಾ ಸಿಟ್ಟಿಗೆದ್ದು "ಏ!" ಅಂದ. ಬಂದು ಕರೆದದ್ದು, ಎಳೆದದ್ದು ಅವನೇ ಎಂದೂ ಹೇಳಿದೆ. ಗಂಟುಗಳನ್ನು ಹೇಳಲಿಲ್ಲ. ಗೋಡೆ ಯಾಕೆ ಬಿತ್ತು ಎಂಬುದಕ್ಕೆ ಗಂಟುಗಳು ಉತ್ತರವಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಇಂದಿಗೂ ಹಾಗೆಯೇ ಹೇಳಿಕೊಳ್ಳುತ್ತೇನೆ, ಆದರೆ ಪ್ರತಿ ಸಲವೂ ಅಷ್ಟೇ ಗಟ್ಟಿಯಾಗಿ ಅಲ್ಲ.

"ಮೇಡಂ, ಅಂವಾ ಅಗದ, ನೀವ ನೀರ ಹಾಕಿದ್ರಿ, ಮ್ಯಾಲೆ ಮಳಿ. ನಾ ಯಾವದಂತ ಬರ್ಕೊಳ್ಳಲಿ? ಒಂದ ಹೇಳ್ರಿ."

ನಾನು ಮತ್ತೆ ಆ ಕಲ್ಲುಗಳ ಕಡೆ ತಿರುಗಿದೆ. ಆಗ ಅವ್ವ ಮುಂದೆ ಬಂದಳು.

"ಮಳಿ ಅಂತ ಬರ್ಕೊರ್ರಿ ಸಾಹೇಬ್ರ. ಮಳ್ಯಾಗ ಭಾಳ ಗೋಡಿ ಬಿದ್ದಾವು. ಇದೂ ಬಿತ್ತು."

ಅವರು ಬರೆದುಕೊಂಡರು. ಅವ್ವ ಸಹಿ ಹಾಕಿದಳು, ಕಾಕಾ ಹಾಕಿದ. ಮಾಮಾ ಚಹಾ ಕುಡಿಯದೆ ನರಗುಂದದ ಬಸ್ಸು ಹಿಡಿದ, ಹೋಗುವಾಗ, "ಕಲತು ಏನ್ ಬಂತು ನಿನಗ?" ಎಂದು ನನ್ನನ್ನು ಕೇಳಿದ. ಕೇಳಿದ್ದು ತಪ್ಪೆಂದು ನನಗೆ ಅನ್ನಿಸಲಿಲ್ಲ.

ಜನ ಕರಗಿದ ಮೇಲೆ ಕಾಕಾ ಅವ್ವನ ಮುಂದೆ ನಿಂತ. ಕೈ ಮುಗಿಯಲು ಹೊರಟವನು ಅರ್ಧಕ್ಕೆ ಬಿಟ್ಟು, "ವೈನಿ, ಮಳಿ ನಿಂತ ಮ್ಯಾಲ ರಾಜೂರಿಂದ ಗೌಂಡಿ ಕರಸ್ತೀನಿ. ಮದಲಿನಂಗ ಒಂದ ಗೋಡಿ, ಸಿಮೆಂಟ್ ಹಾಕಿ, ಭದ್ರ ಮಾಡೂಣು," ಅಂದ.

"ಒಂದು ಬ್ಯಾಡ," ಅಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಂದು ನೀ ಕಟ್ಟಿಕೋ. ನಮ್ಮದು ನಾವು ಕಟ್ಟತೀವಿ."

"ಜಾಗಾ ಹಾಳಾಗ್ತೈತಿ ವೈನಿ. ಮಗ್ಗಕ್ಕ ಇಕ್ಕಟ್ಟ ಆಗ್ತೈತಿ."

"ಆಗ್ಲಿ."

ಅವನು ಇನ್ನೇನೋ ಹೇಳಲಿದ್ದ. ಅವ್ವ ಆಗಲೇ ಒಳಗೆ ಹೋಗಿದ್ದಳು.

ಈಗ ಅಲ್ಲಿ ಎರಡು ಗೋಡೆಗಳಿವೆ. ಕುಣಿಯನ್ನು ಎದುರಿನ ಬದಿಗೆ ತೋಡಿಸಿದ್ದೇವೆ, ಒಳಗೆಲ್ಲ ಸಿಮೆಂಟಿನ ಗಿಲಾವು ಮಾಡಿಸಿದ್ದೇವೆ, ಈಗ ಕೊಡಗಟ್ಟಲೆ ನೀರು ಸುರಿಯುವುದಿಲ್ಲ; ಎಳೆ ಮೊದಲಿಗಿಂತ ಹೆಚ್ಚು ಹರಿಯುತ್ತದೆ, ಅವ್ವ ಗೊಣಗುತ್ತ ಗಂಟು ಹಾಕಿಕೊಳ್ಳುತ್ತಾಳೆ. ಎರಡು ಮನೆಗಳ ನಡುವೆ ಮಾತು ಶುರುವಾಗಿದೆ. ಹಬ್ಬಕ್ಕೆ ಹೋಳಿಗೆ ಹೋಗುತ್ತದೆ, ಅತ್ತಲಿಂದ ಕಡುಬು ಬರುತ್ತದೆ. ನೋಡಿದವರು ಚಲೋ ಆಯಿತು ಅನ್ನುತ್ತಾರೆ.

ಮೊನ್ನೆ ರವಿವಾರ ನಾನು ಅಡಿಗೆಮನೆಯಲ್ಲಿದ್ದೆ, ಅವ್ವ ನೇಯುತ್ತಿದ್ದಳು. ಹೊರಗಿನಿಂದ ಅವನು ಕೂಗಿದ.

"ವೈನಿ!"

ಮಗ್ಗದ ಸಪ್ಪಳ ತಟ್ಟನೆ ನಿಂತಿತು. ನಾನು ಸೌಟು ಹಿಡಿದುಕೊಂಡೇ ಓಡಿ ಓಣಿಗೆ ಬಂದಾಗ ಅವ್ವ ಆಗಲೇ ಅಲ್ಲಿ ನಿಂತಿದ್ದಳು, ಸೆರಗು ಜಾರಿ, ಬರಿಗಾಲಲ್ಲಿ, ಏದುಸಿರು ಬಿಡುತ್ತ. ಆ ಕುಣಿಯಿಂದ ಅಷ್ಟು ಬೇಗ ಹೇಗೆ ಎದ್ದಳೋ ತಿಳಿಯದು. ಆಕಾಶ ತಿಳಿಯಾಗಿತ್ತು, ಎರಡೂ ಗೋಡೆಗಳು ನೆಟ್ಟಗಿದ್ದವು. ಕಾಕಾ ತನ್ನ ಕಟ್ಟೆಯ ಮುಂದೆ ಒಂದು ಖಾಲಿ ತಂಬಿಗೆ ಹಿಡಿದು ನಿಂತಿದ್ದ. ಮಜ್ಜಿಗೆ ಕೇಳಲು ಬಂದಿರಬೇಕು.

ಅವನು ಅವ್ವನನ್ನು ನೋಡಿದ, ನನ್ನನ್ನು ನೋಡಿದ, ನಾವಿಬ್ಬರೂ ಹಿಂದಕ್ಕೆ ತಿರುಗಿ ಗೋಡೆಯ ಕಡೆ ನೋಡಿದ್ದನ್ನೂ ನೋಡಿದ. ತಂಬಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.

"ಏನಿಲ್ಲ ಬಿಡ್ರಿ," ಎಂದು ತಿರುಗಿ ಒಳಗೆ ಹೋದ.